ಎಡಗಡೆಯ ಅಟ್ಟ

ಆ ಮನುಷ್ಯ ಕಟುಕ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ವಯಸ್ಸಾದವನು, ನೊಂದವನು ಎಂದು ಅವನ ಪರ ವಾದಿಸುವವರು ಅವನ ಸೊಸೆಯ ಜಾಗದಲ್ಲಿ ಒಂದು ದಿನ ನಿಂತು ಟೀ ಸೋಸಲಿ.

ಜಲಪಾತದ ನೆತ್ತಿಯಲ್ಲಿ, ಕಂಬಿಬೇಲಿಯ ಪಕ್ಕ, ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು ಪ್ರವಾಸಿಗರಿಗೆ ಪ್ರಪಾತ ತೋರಿಸುವುದು ಅವನ ಕಸುಬು. ಗಂಟಲಿನ ಜೋರಿಗೆ ಜನ ಇಟ್ಟ ಹೆಸರು ಗುಡುಗು. ಅವನ ಬೆನ್ನಿಗೇ ತಗಡಿನ ಗೂಡಿನಲ್ಲಿ ಸೊಸೆಯ ಟೀ ಅಂಗಡಿ. ನೀರು ಬೀಳುವ ಅದುರಿಗೆ ಅಲ್ಲಿಯ ಲೋಟಗಳು ಸದಾ ಹಲ್ಲು ಕಡಿಯುತ್ತಿರುತ್ತವೆ.

ನದಿ ಅಲ್ಲಿಯವರೆಗೆ ಸೋಮಾರಿ. ಚಪ್ಪಟೆ ಬಂಡೆಗಳ ಮೇಲೆ ಮೈಚೆಲ್ಲಿಕೊಂಡು ಬರುತ್ತದೆ. ನೆಲ ಮುಗಿದದ್ದು ಅಂಚಿಗೆ ಬಂದಮೇಲೆಯೇ ಅದಕ್ಕೆ ತಿಳಿಯುವುದು. ಸ್ವಲ್ಪ ದೂರ ನೀರಾಗಿ ಬೀಳುತ್ತದೆ, ಆಮೇಲೆ ನೂಲಾಗಿ, ಆಮೇಲೆ ಹೊಗೆಯಾಗಿ. ಅಷ್ಟು ಎತ್ತರ. ಬುಡದಲ್ಲಿ ಮಡುವಿಲ್ಲ, ವರ್ಷವಿಡೀ ಒದ್ದೆಯಾಗಿರುವ ಕಾಡು ಮಾತ್ರ. ಗೋಡೆಯಂತೆ ನಿಂತ ಬಂಡೆಯ ನಡುಮಟ್ಟದಲ್ಲಿ, ನೀರಿನ ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಚಾಚು ಇದೆ. ಅಲ್ಲಿಯವರು ಅವನ್ನು ಅಟ್ಟ ಎನ್ನುತ್ತಾರೆ. ಮಳೆಗಾಲದಲ್ಲಿ ಎರಡೂ ನೀರಿನ ಮರೆಗೆ ಸರಿಯುತ್ತವೆ. ಬೇಸಿಗೆಯಲ್ಲಿ ನೀರು ಜಡೆಯಷ್ಟು ತೆಳುವಾದಾಗ ಬಯಲಾಗುತ್ತವೆ. ಹಗ್ಗ ಕಟ್ಟಿ ಇಳಿದ ಯಾರೂ ಅಲ್ಲಿಗೆ ಮುಟ್ಟಿಲ್ಲ. ಕಾಲಿಟ್ಟಲ್ಲೆಲ್ಲ ಬಂಡೆ ಪದರಪದರವಾಗಿ ಕಳಚಿಕೊಳ್ಳುತ್ತದೆ.

ಮಧ್ಯಾಹ್ನ ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಗುಡುಗಿನ ಆಟ ಆ ಗಾಳಿಯನ್ನು ನಂಬಿಕೊಂಡಿತ್ತು. ಯಾರದಾದರೂ ಟೋಪಿ ಕಿತ್ತುಕೊಂಡು ಪ್ರಪಾತಕ್ಕೆ ಎಸೆಯುವನು. ಟೋಪಿಯವನ ಮುಖ ಬಾಡುವಷ್ಟರಲ್ಲಿ ಗಾಳಿ ಅದನ್ನು ಎತ್ತಿ ತಂದು ಬೇಲಿಯೊಳಗೆ ಹಾಕುವುದು. ಚಪ್ಪಾಳೆ. ಕಳೆದ ಮಳೆಗಾಲದಲ್ಲಿ ಹೊಳೆ ಉಬ್ಬಿ ಬಂದ ದಿನವೂ ಎಸೆದ. ತುಂಬಿದ ನೀರು ಗಾಳಿಯನ್ನೂ ತನ್ನ ಜತೆ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಚಪ್ಪಾಳೆಯ ಚಪಲದಲ್ಲಿ ಮರೆತ. ಟೋಪಿ ಬೇಲಿಯಾಚೆ ಅಂಚಿನ ಪೊದೆಗೆ ಸಿಕ್ಕಿಕೊಂಡಿತು. ಟೋಪಿಯವನು ಜಗಳಕ್ಕೆ ನಿಂತ. ಗುಡುಗು ಮಗನ ಕಡೆ ತಿರುಗಿದ.

"ಹೋಗೋ, ತಗೊಂಡ್ಬಾ. ಮದ್ವೆ ಹೆಣ್ಣಿನ ಹಾಗೆ ನಿಂತಿದೀಯಲ್ಲ."

ಗಂಡ ಬೇಲಿ ದಾಟಿದ್ದನ್ನು ಸೊಸೆ ಅಂಗಡಿಯಿಂದ ಕಂಡಳು. ಅಷ್ಟರಲ್ಲಿ ಅಂಗಡಿಗೂ ಬೇಲಿಗೂ ನಡುವೆ ಮಂಜು ತುಂಬಿತು. ಅದು ಹರಿದಾಗ ಮಾವನೊಬ್ಬನೇ ಕಂಬಿಗೆ ಎದೆಯೊತ್ತಿ ಕೆಳಗೆ ನೋಡುತ್ತಿದ್ದ.

ಬುಡದ ಕಾಡನ್ನೆಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಹುಡುಕುವವರು ಕೈಚೆಲ್ಲಿದ್ದೇ ಅವಳಿಗೆ ಆಸರೆಯಾಯಿತು. ಅಂಚಿನ ಕೆಳಗೆ ಜೇನು ಕೀಳುವವರ ಕಾಲುದಾರಿಯೊಂದಿದೆ. ಅದನ್ನು ಹಿಡಿದರೆ ಗುಡ್ಡದಾಚೆಯ ರಸ್ತೆಗೆ ಹೋಗಬಹುದು. ಈ ಅಪ್ಪನ ಕೈಕೆಳಗೆ ಬಾಳಲಾರೆ, ಒಂದು ದಿನ ಹೇಳದೆ ಕೇಳದೆ ಹೊರಟುಬಿಡುತ್ತೇನೆ, ನೆಲೆ ಸಿಕ್ಕಮೇಲೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದು ಗಂಡ ಎಷ್ಟೋ ಸಲ ಹೇಳಿದ್ದ. ಹೋಗಿರಬಾರದೇಕೆ? ತವರಿನವರು ಬಂದು ಕರೆದರು. ಬೇಸಿಗೆ ಬರಲಿ, ಬಂಡೆ ಬಯಲಾಗಲಿ, ಕಣ್ಣಾರೆ ನೋಡಿದಮೇಲೆ ನನ್ನ ದಾರಿ ನೋಡಿಕೊಳ್ಳುತ್ತೇನೆ ಎಂದು ಕಳಿಸಿಬಿಟ್ಟಳು.

ಗುಡುಗು ಅಷ್ಟರಲ್ಲಿ ಮಗನನ್ನು ಕಥೆ ಮಾಡಿಕೊಂಡಿದ್ದ. ಟೋಪಿಯ ಆಟ ಹೋಗಿ ಅದರ ಜಾಗಕ್ಕೆ ಇದು ಬಂತು.

"ಅಲ್ನೋಡಿ ಸಾರ್, ಎಡಗಡೆ ಅಟ್ಟ. ನನ್ನ ಮಗ ಮಲಗಿರೋದು ಅಲ್ಲೇ. ಬದುಕಿದ್ದಾಗ್ಲೂ ಅಷ್ಟೇ, ಮಲಗಿದ್ರೆ ಏಳ್ತಿರ್ಲಿಲ್ಲ."

ಜನ ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ನಗುವರು. ಟೀ ಆ ಮಗನ ಹೆಂಡತಿಯ ಹತ್ತಿರ ಕುಡಿಯಿರಿ ಎಂದು ಬೇರೆ ಕೈತೋರಿಸುವನು. ಅವರು ಜಲಪಾತ ನೋಡಿದ ಕಣ್ಣಲ್ಲೇ ಅವಳನ್ನೂ ನೋಡಿ, ಸಕ್ಕರೆ ಕಮ್ಮಿ ಇರಲಿ ಎನ್ನುವರು.

ಒಮ್ಮೆ ಅವಳು ತಡೆಯಲಾರದೆ, ಅವರು ಬಿದ್ದೇ ಇಲ್ಲ, ದಾರಿ ಹಿಡಿದು ಹೋಗಿದ್ದಾರೆ ಎಂದಳು.

"ಓಡಿಹೋಗೋಷ್ಟು ಗಂಡೆದೆ ಅವನಿಗಿದ್ದಿದ್ರೆ ನಾನ್ಯಾಕಮ್ಮ ಅವನನ್ನ ಬೈತಿದ್ದೆ?" ಎಂದು ಅವನು ಬೀಡಿ ಹಚ್ಚಿದ. ದುರ್ಬೀನಿನ ಹತ್ತಿರ ಅವಳನ್ನು ಸುಳಿಯಗೊಡುತ್ತಿರಲಿಲ್ಲ. ಗಿರಾಕಿಗಳ ವಸ್ತು, ನಿನ್ನ ಎಣ್ಣೆ ಕೈ ತಾಗಿಸಬೇಡ ಎನ್ನುವನು.

ಬೇಸಿಗೆ ಬಂತು. ಪಕ್ಕಗಳ ನೀರು ದಿನದಿನಕ್ಕೆ ಹಿಂಜರಿದು ನಡುವೆ ಒಂದೇ ಜಡೆ ಉಳಿಯಿತು. ಬರಿಗಣ್ಣಿಗೆ ಅಟ್ಟಗಳು ಎರಡು ಮಸಿಗೆರೆಗಳಂತೆ ಕಂಡವು. ಒಂದು ಬೆಳಿಗ್ಗೆ ಬಸ್ಸು ಬರುವ ಮೊದಲು, ಮಾವ ಮುಖ ತೊಳೆಯಲು ಹೊಳೆಯ ಕಡೆ ಹೋದಾಗ, ಅವಳು ದುರ್ಬೀನಿಗೆ ಕಣ್ಣಿಟ್ಟಳು. ಅದು ಎಡಗಡೆಯ ಅಟ್ಟಕ್ಕೇ ಗುರಿಯಿಟ್ಟು ನಿಂತಿತ್ತು. ಕಲ್ಲುಕಲ್ಲನ್ನೂ ನೋಡಿದಳು. ಒಣಗಿದ ಹಾವಸೆ, ಹಕ್ಕಿಯ ಹಿಕ್ಕೆ, ಒಂದು ಮುರುಕು ಗೂಡು. ಮತ್ತೇನೂ ಇಲ್ಲ. ಹಿಂದೆ ಹೆಜ್ಜೆಯ ಸದ್ದಾದರೂ ಹೆದರಲಿಲ್ಲ.

"ಮಾವ, ಅಲ್ಲೇನೂ ಇಲ್ಲ."

ಅವನು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಇಷ್ಟು ದಿನ ಊರಿಗೆಲ್ಲ ಸುಳ್ಳು ಹೇಳಿದ್ರಾ?"

"ಹೂಂ. ಹೇಳ್ದೆ."

ಹಾಗಾದರೆ ಅವರು ಹೋಗಿದ್ದಾರೆ ಎನ್ನಲು ಅವಳು ಬಾಯಿ ತೆರೆದಳು. ಬೆರಳಿಗೆ ದುರ್ಬೀನಿನ ತಿರುಪು ತಾಗಿತು. ಅದು ಕಲ್ಲಿನಷ್ಟು ಬಿಗಿಯಾಗಿತ್ತು. ಎಷ್ಟು ಜನ ಇದರೊಳಗೆ ನೋಡಿದ್ದರು. ಒಬ್ಬನಿಗೂ ಅವನು ಇದನ್ನು ಬಲಗಡೆಗೆ ತಿರುಗಿಸಲು ಬಿಟ್ಟದ್ದನ್ನು ಅವಳು ಕಂಡಿರಲಿಲ್ಲ.

ಎರಡೂ ಕೈಯಿಂದ ತಿರುಪು ಸಡಿಲಿಸಿ ಮತ್ತೆ ಕಣ್ಣಿಟ್ಟು ಬಲಕ್ಕೆ ಸರಿಸಿದಳು. ಒದ್ದೆ ಬಂಡೆ ಸರಿಯಿತು, ನೀರಿನ ಜಡೆ ಸರಿಯಿತು, ಬಲಗಡೆಯ ಅಟ್ಟದ ಅಂಚು ಕಾಣಿಸಿತು. ಆಗ ಕತ್ತಲಾಯಿತು. ಗಾಜು ಒಡೆಯಿತೇನೋ ಎಂದುಕೊಂಡು ತಲೆಯೆತ್ತಿದಳು. ಮಾವ ದುರ್ಬೀನಿನ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದ.

"ಬೇಡ" ಎಂದ. ಪಕ್ಕದಲ್ಲಿದ್ದವಳಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಮೊದಲ ಬಸ್ಸಿನ ಜನ ಇಳಿದು ಬರುವವರೆಗೂ ಅವನು ಆ ಕೈ ತೆಗೆಯಲಿಲ್ಲ.