ಎಡಗೈಯಲ್ಲಿ ಕಟ್ಟಿದ ಒಲೆ

ಬು ಒಕ್‌ಸೆಂಗ್ ತನ್ನ ಜೀವಮಾನದಲ್ಲಿ ಅಂಗಡಿಯಿಂದ ಕೊಂಡ ಸಾಮಾನನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಬಹುದಿತ್ತು. ಆ ಬುಟ್ಟಿಯನ್ನೂ ಅವಳೇ ಹೆಣೆದಿದ್ದಳು. ಉಪ್ಪು, ಸೂಜಿ, ಸೀಮೆಎಣ್ಣೆ, ಕಬ್ಬಿಣದ ಗಡಿಗೆ, ಇಷ್ಟಕ್ಕೆ ಮಾತ್ರ ಅವಳು ಪೇಟೆಯ ಮುಖ ನೋಡುತ್ತಿದ್ದದ್ದು. ಉಳಿದದ್ದೆಲ್ಲ ಅವಳ ಕೈಯದೇ. ಸೋಯಾ ಅವರೆ ಬೇಯಿಸಿ ಕುಟ್ಟಿ ಉಂಡೆ ಕಟ್ಟಿ ಹುದುಗಿಸಿದ ಗೊಜ್ಜು, ಸೋರೆ ಬುರುಡೆ ಸೀಳಿ ಮಾಡಿದ ಸೌಟು, ಹುಲ್ಲಿನ ಹಗ್ಗ, ಬಿದ್ದ ಗೋಡೆಗೆ ಮರಳಿ ಜೋಡಿಸಿದ ಕಲ್ಲು, ಎಲ್ಲವೂ. ಮೈಮೇಲಿನ ಕಂದು ಅಂಗಿಯೂ ಹಾಗೆಯೇ. ನಡುಬೇಸಿಗೆಯಲ್ಲಿ ಗಾಮ್ ಎಂಬ ಒಗರು ಕಾಯಿ ಜಜ್ಜಿ, ರಸವನ್ನು ಬಿಳಿ ಬಟ್ಟೆಗೆ ತಿಕ್ಕಿ, ಬಿಸಿಲಿಗೆ ಹರಡಿ, ನೀರು ಚಿಮುಕಿಸಿ ಮತ್ತೆ ಒಣಗಿಸಿ ಬಣ್ಣ ಹತ್ತಿಸಿದ್ದು. ಆ ಅಂಗಿಗೆ ಬೆವರು ಅಂಟದು, ಮುಳ್ಳು ಕಚ್ಚದು. ಅವಳ ನಾಲಿಗೆಯೂ ಅದೇ ಜಾತಿಯದು ಎಂದು ಊರವರು ಹೇಳುತ್ತಿದ್ದರು.

ಜೇಜು ದ್ವೀಪದ ಆ ಊರಲ್ಲಿ ಒಂದು ಅಂಗಳಕ್ಕೆ ಎರಡು ಮನೆ. ಒಳಮನೆಯಲ್ಲಿ ಮಗ ಚಾಂಗ್‌ಹೊ, ಸೊಸೆ ಸುನಿಮ್. ಅಂಗಳದ ಈಚೆ ಹೊರಮನೆಯಲ್ಲಿ ತಾಯಿ. ಅಂಗಳ ಒಂದು, ಹಂದಿಗೂಡು ಒಂದು, ಒಲೆ ಮಾತ್ರ ಎರಡು. ಜಗಳವಾಡಿ ಹಿಸ್ಸೆಯಾದವರ ಒಲೆಯಲ್ಲ ಇದು. ಕೈಕಾಲು ಆಡುವ ತನಕ ತಾಯಿ ತನ್ನದು ತಾನು ಬೇಯಿಸಿಕೊಳ್ಳಬೇಕು. ಕೈಲಾಗದ ದಿನ ತಾನಾಗಿಯೇ ಎದ್ದು ಬಂದು ಸೊಸೆಯ ಅಡುಗೆಮನೆಯಲ್ಲಿ ಕೂರಬೇಕು. ಅಲ್ಲಿಯವರೆಗೆ ಅವಳೂ ಒಬ್ಬ ಯಜಮಾನಿ.

ಊರಿಗೆ ಗ್ಯಾಸ್ ಸಿಲಿಂಡರ್ ಬಂದ ವರ್ಷ ಒಕ್‌ಸೆಂಗ್ ಗಾಮ್ ಕಾಯಿ ಉದುರಿಸಲು ಕಲ್ಲುಗೋಡೆ ಹತ್ತಿ, ಜಾರಿ ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡಳು. ಪೇಟೆಯ ಆಸ್ಪತ್ರೆಯಲ್ಲಿ ಕೈಗೆ ಸಿಮೆಂಟಿನ ಪಟ್ಟಿ ಹಾಕಿಸಿಕೊಂಡು, ಎರಡು ದಿನ ಮಲಗಿ, ಮೂರನೆಯ ದಿನ ವಾಪಸು ಬಂದು ತನ್ನ ಅಡುಗೆಮನೆಯ ಬಾಗಿಲು ತಳ್ಳಿದಳು.

ಒಲೆ ಇರಲಿಲ್ಲ. ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದಿತ್ತು. ಮೂರು ಕಲ್ಲಿನ ಮೇಲೆ ಗಡಿಗೆ ಕೂರುತ್ತಿದ್ದ ಜಾಗದಲ್ಲಿ ಕನ್ನಡಿ ಇರುವ ಹೊಸ ಬೀರು ನಿಂತಿತ್ತು. ಆ ಕನ್ನಡಿಯಲ್ಲಿ ಅವಳಿಗೆ ಬಾಯಿ ತೆರೆದುಕೊಂಡು ನಿಂತ ಒಬ್ಬ ಮುದುಕಿ ಕಂಡಳು.

ಸುನಿಮ್ ತಡೆಯಲಾರದ ಸಂಭ್ರಮದಲ್ಲಿ ಹಿಂದೆಯೇ ಬಂದಳು. ಸಮುದ್ರದಾಚೆಯ ದೊಡ್ಡ ನೆಲದಿಂದ ಬಂದ ಹುಡುಗಿ, ದ್ವೀಪಕ್ಕೆ ಬಂದು ಇನ್ನೂ ಎರಡು ಚಳಿಗಾಲ ಕಳೆದಿರಲಿಲ್ಲ.

"ಚೆನ್ನಾಗಿದೆಯಾ ಅತ್ತೆ? ಇನ್ಮೇಲೆ ನೀವು ಹೊಗೇಲಿ ಕೂತು ಕಣ್ಣು ಕೆಡಿಸ್ಕೊಳ್ಳೋದು ಬೇಡ. ಮೂರು ಹೊತ್ತೂ ನಾನೇ ಬಿಸಿಬಿಸಿ ತಂದುಕೊಡ್ತೀನಿ."

ಒಕ್‌ಸೆಂಗ್ ಮಗನ ಕಡೆ ತಿರುಗಿದಳು. ಈ ಮಣ್ಣಲ್ಲಿ ಹುಟ್ಟಿದವನಿಗೆ ಇದು ಏನೆಂದು ಗೊತ್ತಿಲ್ಲದೆ ಇರಲಿಲ್ಲ. ಹೆಂಡತಿಯ ಉತ್ಸಾಹಕ್ಕೆ ತಣ್ಣೀರೆರಚಲಾರದೆ ಬಾಯಿಗೆ ಕಡುಬು ತುರುಕಿಕೊಂಡವನಂತೆ ಸುಮ್ಮನಿದ್ದುಬಿಟ್ಟಿದ್ದ.

"ಕೈ ವಾಸಿ ಆಗೋವರೆಗೆ ಅಂತ, ಅವ್ವ..." ಎಂದ.

"ಕೈ ವಾಸಿ ಆಗೋವರೆಗೆ ಆದ್ರೆ ಒಲೆ ಯಾಕೋ ಕಿತ್ತೆ? ಹೆಣ ಎತ್ತಿದ ಮೇಲೆ ಕೀಳ್ತಾರೆ ಕಣೋ ಒಲೇನ."

ಸುನಿಮ್‌ಳ ಮುಖ ಸಣ್ಣದಾಯಿತು. ಆದರೂ ಸಂಜೆ ಅವಳು ಅನ್ನ, ಹುರಿದ ಬಂಗುಡೆ, ಸೊಪ್ಪಿನ ಸಾರು ತಟ್ಟೆಯಲ್ಲಿಟ್ಟು ತಂದಳು. ಬಂಗುಡೆಯ ವಾಸನೆಗೆ ಒಕ್‌ಸೆಂಗಳ ಹೊಟ್ಟೆ ಕೂಗಿತು. ಆಸ್ಪತ್ರೆಯ ಗಂಜಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿತ್ತು. ಆದರೆ ಆ ತುತ್ತು ಎತ್ತಿದರೆ ಮುಗಿಯಿತು, ತಾನಾಗಿಯೇ ಸೊಸೆಯ ಅಡುಗೆಮನೆ ಸೇರಿದ ಹಾಗೆ. ಹಸಿವಿಗಿಂತ ಅವಮಾನವೇ ಹೆಚ್ಚು ಸುಡುತ್ತಿತ್ತು. "ಹಸಿವಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಎದ್ದವಳೇ ಅಂಗಳದ ನಟ್ಟನಡುವೆ ಕಲ್ಲು ಉರುಳಿಸಿ ತಂದಳು. ಕಡಲ ದಂಡೆಯ ಕಲ್ಲನ್ನು ಮುಟ್ಟಲಿಲ್ಲ, ಬೆಂಕಿಗೆ ಅದು ಸಿಡಿಯುತ್ತದೆ. ಹೊಲದ ಗೋಡೆಯಲ್ಲಿ ವರ್ಷಗಟ್ಟಲೆ ಬಿಸಿಲು ಕುಡಿದ ಕಲ್ಲುಗಳನ್ನೇ ಬಡಿದು ನೋಡಿ ಆರಿಸಿದಳು. ಎಡಗೈ ಮತ್ತು ಕಾಲು, ಎರಡರಿಂದಲೇ ದೂಡಿದಳು. ಅಂಗಳದ ಗೋಡೆ ಎದೆಮಟ್ಟಕ್ಕಿಂತ ಎತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಅದರ ಮೇಲೆ ತಲೆಗಳು ಸಾಲುಗಟ್ಟಿದವು.

"ಅಕ್ಕ, ಒಲೆ ಕಟ್ತಿದೀಯೋ, ಗೋರಿ ಕಟ್ಕೊತಿದೀಯೋ?" ಎಂದಳು ಪಕ್ಕದ ಮನೆಯ ಚುನಾ. ಇಬ್ಬರೂ ಒಟ್ಟಿಗೆ ಕಡಲಿಗೆ ಧುಮುಕಿ ಚಿಪ್ಪು ಆಯ್ದು ವಯಸ್ಸು ಕಳೆದವರು.

"ಗೋರಿ ಆಗಿದ್ರೆ ನಿನ್ನ ಅಳತೆಗೆ ಕಟ್ತಿದ್ದೆ. ಬಾಯಿ ಮುಚ್ಚು."

ಮೂರು ಕಲ್ಲು ಹೂಡಿ, ಗಡಿಗೆ ಇಟ್ಟು, ನವಣೆ ಹಾಕಿ ಬೆಂಕಿ ಹಚ್ಚಿದಳು. ನೀರು ಕುದಿ ಬರುವ ಹೊತ್ತಿಗೆ ಒಂದು ಕಲ್ಲು ಸರಿಯಿತು. ಗಡಿಗೆ ವಾಲಿ, ನವಣೆಯೆಲ್ಲ ಬೆಂಕಿಗೆ ಸುರಿದು, ಬುಸ್ಸೆಂದು ಹೊಗೆ ಎದ್ದಿತು. ಗೋಡೆಯಾಚೆ ಯಾರೋ ನಕ್ಕರು. ಚುನಾ ನಗಲಿಲ್ಲ.

ಒಕ್‌ಸೆಂಗ್ ಒದ್ದೆ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆಗ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಕೈ ನಿಜವಾಗಿಯೂ ಸೋತಿದ್ದರೆ? ಸೋತಿದ್ದರೆ ಸೊಸೆಯ ತಪ್ಪೇನು? ಕಟ್ಟಳೆ ಕಟ್ಟಳೆಯೇ. ಇವತ್ತು ಈ ಗಡಿಗೆ ನಿಲ್ಲದಿದ್ದರೆ ತಾನೇ ಎದ್ದು ಹೋಗಿ ಒಳಮನೆಯಲ್ಲಿ ಕೂರಬೇಕು, ಯಾರ ಮೇಲೂ ಮುನಿಯುವ ಹಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬೂದಿ ಕೆದಕಿ ಕಲ್ಲುಗಳನ್ನು ದಿಟ್ಟಿಸಿದಳು. ಇಷ್ಟು ವರ್ಷ ಬಲಗೈ ಕಲ್ಲನ್ನು ಒತ್ತಿದಾಗಲೇ ಅದು ಮಟ್ಟವಾಗಿದೆಯೋ ಇಲ್ಲವೋ ತಿಳಿಯುತ್ತಿತ್ತು. ಎಡಗೈಗೆ ಆ ತಿಳಿವಳಿಕೆ ಇಲ್ಲ. ತಿಳಿಯದಿದ್ದರೆ ಕೇಳಬೇಕು, ಅಷ್ಟೆ. ಬೆಂಕಿಯಿಲ್ಲದೆಯೇ ಖಾಲಿ ಗಡಿಗೆ ಇಟ್ಟು ಅರ್ಧ ನೀರು ತುಂಬಿದಳು. ನೀರು ಒಂದು ಕಡೆ ಏರಿ ನಿಂತು, ಯಾವ ಕಲ್ಲು ತಗ್ಗು ಎಂದು ತೋರಿಸಿಕೊಟ್ಟಿತು. ತಗ್ಗಿನ ಕಲ್ಲಿನಡಿ ಒಂದು ಚಕ್ಕೆ ಕೊಟ್ಟಳು. ಮತ್ತೆ ನೋಡಿದಳು. ಇನ್ನೊಂದು ಚಕ್ಕೆ. ನೀರು ಸುತ್ತಲೂ ಸಮನಾಗಿ ನಿಂತಿತು. ಹಳದಿ ಮಣ್ಣಿಗೆ ಜವೆಗೋಧಿಯ ಹುಲ್ಲು ಸೇರಿಸಿ ಕಾಲಲ್ಲಿ ತುಳಿದು ಹದ ಮಾಡಿ, ಕಲ್ಲಿನ ಸಂದುಗಳಿಗೆ ಮೆತ್ತಿದಳು. ಮಣ್ಣು ತುಳಿಯಲು ಕೈ ಯಾರಿಗೆ ಬೇಕು!

ಮಧ್ಯಾಹ್ನ ನವಣೆ ಕುದಿಯಿತು. ಗಡಿಗೆ ಕದಲಲಿಲ್ಲ. ಒಕ್‌ಸೆಂಗಳ ಎದೆ ಉಬ್ಬಿತು. ಹದಿನೇಳರ ಹರೆಯದಲ್ಲಿ ಮೊದಲ ಬಾರಿ ದೊಡ್ಡ ಚಿಪ್ಪು ಹಿಡಿದು ಕಡಲಿಂದ ಮೇಲೆ ಬಂದಾಗಲೂ ಅವಳಿಗೆ ಇಷ್ಟು ಜಂಬ ಬಂದಿರಲಿಲ್ಲ.

ಅಷ್ಟರಲ್ಲಿ ಸುನಿಮ್ ಅಳುತ್ತಾ ಹೊರಗೆ ಬಂದಳು.

"ಊರೆಲ್ಲ ನೋಡ್ತಿದೆ ಅತ್ತೆ! ಕೈ ಮುರಿದ ಅತ್ತೇನ ಬೀದೀಲಿ ಬೇಯಿಸ್ಕೊಳ್ಳೋಕೆ ಬಿಟ್ಟಳು ಅಂತಾರೆ. ನಮ್ಮೂರಲ್ಲಾದ್ರೆ ನನ್ನ ಮುಖಕ್ಕೆ ಉಗೀತಾರೆ. ನಾನು ನಿಮಗೇನು ಕೇಡು ಮಾಡಿದೆ?"

ಒಕ್‌ಸೆಂಗ್ ಸೌಟು ಕೆಳಗಿಟ್ಟಳು. ಹುಡುಗಿಯ ಕಣ್ಣೀರು ಸುಳ್ಳಲ್ಲ ಎಂದು ಅವಳಿಗೆ ಕಂಡಿತು. ಸಿಟ್ಟು ಅರ್ಧ ಅಲ್ಲೇ ಇಳಿಯಿತು.

"ಕೇಡಲ್ಲ ಕಣೇ. ನಿಮ್ಮೂರಲ್ಲಿ ಬೇಯಿಸಿ ಹಾಕೋದು ಮರ್ಯಾದೆ. ಇಲ್ಲಿ ಬೇಯಿಸ್ಕೊಳ್ಳೋಕೆ ಬಿಡೋದು ಮರ್ಯಾದೆ. ನಮ್ಮತ್ತೆ ಕೊನೆಗಾಲದಲ್ಲಿ ಒಂದಿನ ತನ್ನ ಗಡಿಗೆ ತಾನೇ ಹೊತ್ಕೊಂಡು ಬಂದು, 'ಇಗೋ, ಇನ್ನು ನಿನ್ನದು' ಅಂತ ನನ್ನ ಒಲೆ ಪಕ್ಕ ಇಟ್ಳು. ಅವಳು ಬಂದು ಕೊಟ್ಳು. ನಾನು ಹೋಗಿ ಕಿತ್ಕೊಳ್ಳಲಿಲ್ಲ."

ಸುನಿಮ್ ಮೂಗು ಒರೆಸಿಕೊಂಡು, ಗೋಡೆ ಮೇಲಿನ ತಲೆಗಳಿಗೆ ಕೇಳುವ ಹಾಗೆ, "ರೀ, ಬನ್ನಿ ಇಲ್ಲಿ! ಆ ಬೀರು ಹೊರಗೆ ಹಾಕೋಣ" ಎಂದು ಗಂಡನನ್ನು ಕೂಗಿದಳು. ಆಮೇಲೆ ತೋಳು ಮಡಚಿ ಕಲ್ಲಿಗೆ ಕೈ ಹಾಕಿದಳು.

"ತಡಿ," ಎಂದಳು ಒಕ್‌ಸೆಂಗ್. "ಬಿಟ್ಟಿ ಬೇಡ. ಮುಯ್ಯಾಳಾಗಿ ಬರೋದಾದ್ರೆ ಬಾ. ನಿನ್ನ ಬೆಳ್ಳುಳ್ಳಿ ಬಿತ್ತನೆಗೆ ಎಸಳು ಬಿಡಿಸೋಕೆ ನಾನು ಬರ್ತೀನಿ. ಅದಕ್ಕೆ ಒಂದು ಕೈ ಸಾಕು."

"ಆಗಲಿ. ಆದ್ರೆ ಬೆಳಗಾಗೋ ಮುಂಚೆ ಬರ್ಬೇಕು. ತಡವಾಗಿ ಬಂದ್ರೆ ನಾನು ಒಪ್ಪಲ್ಲ."

ಗೋಡೆಯಾಚೆ ಚುನಾ ಹೋ ಎಂದು ನಕ್ಕಳು. "ಅಕ್ಕ, ಸಿಕ್ಕಿದ್ಳು ನೋಡು ನಿನಗೆ ತಕ್ಕ ಸೊಸೆ!"

ಬೀರು ನಿಂತಿದ್ದ ಜಾಗಕ್ಕೆ ಸೊಸೆ ಕಲ್ಲು ಹೊತ್ತಳು, ಅತ್ತೆ ಕೂರಿಸಿದಳು. ಸುಣ್ಣ ಬಳಿದ ಗೋಡೆಗೆ ಮತ್ತೆ ಮಸಿ ಹತ್ತಿತು. ಆಗಸ್ಟಿನ ಕೊನೆಯಲ್ಲಿ ಒಕ್‌ಸೆಂಗ್ ಕತ್ತಲಿರುವಾಗಲೇ ಹೋಗಿ ಬೆಳ್ಳುಳ್ಳಿ ರಾಶಿಯ ಮುಂದೆ ಕೂತು, ತಡವಾಗಿ ಎದ್ದು ಬಂದ ಸೊಸೆಯನ್ನೇ ಗದರಿದಳು.

ಸುಗ್ಗಿ ಹಬ್ಬ ಕಳೆದ ಮೇಲೆ ಸುನಿಮ್‌ಳ ತಾಯಿ ಹಡಗು ಹತ್ತಿ ಮಗಳನ್ನು ನೋಡಲು ಬಂದಳು. ಬೀಗಿತ್ತಿ ಒಕ್‌ಸೆಂಗಳ ಕೈ ಇನ್ನೂ ಪೂರ್ತಿ ಬಗ್ಗುತ್ತಿಲ್ಲ, ಆದರೂ ಬೇರೆ ಒಲೆಯಲ್ಲಿ ಹೊಗೆ ಏಳುತ್ತಿದೆ. ಅದನ್ನು ಕಂಡವಳೇ ಅಂಗಳದಲ್ಲೇ ಮಗಳ ಮೇಲೆ ಹರಿಹಾಯ್ದಳು. ಒಕ್‌ಸೆಂಗ್ ಒಳಗೆ ಸೊಪ್ಪು ಹೆಚ್ಚುತ್ತಿದ್ದಳು. ಪ್ರತಿ ಮಾತೂ ಕೇಳಿಸಿತು.

"ವಯಸ್ಸಾದವರನ್ನ ಹೊಗೆಗೆ ದೂಡಿ ನೀನು ಗ್ಯಾಸಲ್ಲಿ ಬೇಯಿಸ್ಕೊಂಡು ತಿಂತೀಯಲ್ಲೇ! ಇದೇನಾ ನಾನು ಕಲಿಸಿದ್ದು? ಹೋಗು, ಮೊದಲು ಆ ಒಲೆ ಆರಿಸು."

ಒಕ್‌ಸೆಂಗಳ ಚಾಕು ನಿಂತಿತು. ಹೆತ್ತ ತಾಯಿಯ ಮಾತು. ಹುಡುಗಿ ಏನು ಮಾಡುತ್ತಾಳೆ?

"ಮೆಲ್ಲಗೆ ಮಾತಾಡಮ್ಮ," ಎಂದಳು ಸುನಿಮ್. "ಅದು ಅವರ ಮನೆ. ಆ ಒಲೆ ಅವರು ಒಂದೇ ಕೈಯಲ್ಲಿ ಕಟ್ಟಿದ್ದು. ಈ ಊರಲ್ಲಿ ಇನ್ಯಾರ ಅತ್ತೆ ಕಟ್ಟಿದಾರೆ ತೋರಿಸು. ಅದನ್ನ ಆರಿಸೋ ಹಕ್ಕು ನಂಗಿಲ್ಲ, ನಿಂಗಂತೂ ಇಲ್ವೇ ಇಲ್ಲ."

ಒಕ್‌ಸೆಂಗಳ ಕಣ್ಣು ತುಂಬಿ ಬಂತು. ಗಾಮ್ ಬಟ್ಟೆಯ ತೋಳಿನಲ್ಲಿ ಒರೆಸಿಕೊಂಡು, ಇನ್ನೊಂದು ಬೊಗಸೆ ನವಣೆ ಗಡಿಗೆಗೆ ಹಾಕಿ, ಹೊಸ್ತಿಲಿಗೆ ಬಂದು ನಿಂತಳು.

"ಬೀಗಿತ್ತಿ, ದೂರದಿಂದ ಬಂದಿದೀರಿ. ಇವತ್ತು ಊಟ ನಮ್ಮನೇಲಿ. ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ."

ಸುನಿಮ್ ಓಡಿ ಒಳಮನೆಗೆ ಹೋದಳು. ಮುಖ ತೊಳೆದು, ತಲೆ ಬಾಚಿ, ಮಡಿಚಿಟ್ಟಿದ್ದ ಒಳ್ಳೆಯ ಅಂಗಿ ತೊಟ್ಟು, ಮರ್ಯಾದಸ್ಥರ ಮನೆಗೆ ಊಟಕ್ಕೆ ಹೊರಟವಳ ಹಾಗೆ ಅಂಗಳ ದಾಟಿ ಬಂದಳು.