ಅತ್ತೆ ಕಟ್ಟಿಸಿಕೊಂಡ ಹಲ್ಲು

ಕೆನ್ನೆ ಎರಡೂ ಒಳಕ್ಕೆ ಸೇದಿಕೊಂಡು, ಗದ್ದ ಮೂಗಿನ ಕಡೆಗೆ ಎದ್ದು ಬಂದಿತ್ತು. ಆದರೂ ನಗುವಾಗ ನನ್ನ ಸೋದರತ್ತೆ ಎಂದೂ ಸೆರಗನ್ನು ಬಾಯಿಗೆ ಒಯ್ದವಳಲ್ಲ. ಉಳಿದಿದ್ದ ನಾಲ್ಕಾರು ಅಲುಗಾಡುವ ಹಲ್ಲುಗಳನ್ನು ತೋರಿಸಿಕೊಂಡೇ ನಗುತ್ತಿದ್ದಳು.

ತಮಿಳುನಾಡಿನ ನಮ್ಮೂರು ಮಾರ್ಕಯನ್‌ಕೋಟ್ಟೈಯಲ್ಲಿ ಗದ್ದೆ ಕೆಲಸದ ಹೆಂಗಸರ ಪರವಾಗಿ ಮಾತಾಡುವವಳು ಅವಳೇ. ಆ ವರ್ಷ ತೋಟದ ಯಜಮಾನನೊಬ್ಬ ಕಾಲುವೆ ಪಕ್ಕದ ದಾರಿಗೆ ಬೇಲಿ ಹಾಕಿದ್ದ. ಹೆಂಗಸರು ಊರೆಲ್ಲ ಸುತ್ತಿ ಗದ್ದೆಗೆ ಹೋಗಬೇಕಾಯಿತು. ಗ್ರಾಮಸಭೆಯಲ್ಲಿ ಅತ್ತೆ ಎದ್ದು ನಿಂತಳು. ಹಲ್ಲು ಉದುರಿದ ಬಾಯಲ್ಲಿ ಮಾತು ಜಾರಿತು. ಆ ಯಜಮಾನ ತಮಿಳಿನಲ್ಲಿ ಹೇಳಿದ, "ಮೊದಲು ಹಲ್ಲು ಕಟ್ಟಿಸಿಕೊಂಡು ಬಾ ಅಜ್ಜಿ, ಆಮೇಲೆ ಮಾತಾಡು." ಸಭೆಯೆಲ್ಲ ನಕ್ಕಿತು.

"ಕಟ್ಟಿಸಿಕೊಂಡೇ ಬತ್ತೀನಿ. ಅಷ್ಟರಾಗೆ ನೀನು ಬೇಲಿ ಕಿತ್ತಿಡು," ಎಂದಳು ಅತ್ತೆ. ಸಿಟ್ಟು ಬಂದರೆ ಅವಳಿಗೆ ಎಲ್ಲಿದ್ದರೂ ನಮ್ಮ ಮನೆಮಾತು ಕನ್ನಡವೇ.

ಮನೆಯಲ್ಲಿ ಅವಳ ಮಗನೇ ಅಡ್ಡ ಬಂದ. "ಈ ವಯಸ್ಸಲ್ಲಿ ಯಾಕಮ್ಮಾ ಹಲ್ಲು?"

"ಈ ವಯಸ್ಸಲ್ಲಿ ಅನ್ನ-ಸೋರು ತಿನ್ನಬ್ಯಾಡ್ವೇನಡಾ? ಮಾತಾಡಬ್ಯಾಡ್ವಾ?"

ನನ್ನ ಸ್ಕೂಟಿಯ ಹಿಂದೆ ಕೂತು ಚಿನ್ನಮನೂರಿನ ದಂತವೈದ್ಯೆಯ ಬಳಿಗೆ ಬಂದಳು. ಹಳೆಯ ಹಲ್ಲು ಕಿತ್ತು, ವಸಡು ಮಾಗಿದ ಮೇಲೆ ಅಚ್ಚು ತೆಗೆದರು. ವೈದ್ಯೆ ಮುತ್ತಿನಂಥ ಬಿಳಿ ಹಲ್ಲು ತೋರಿಸಿದಾಗ ಅತ್ತೆ ತಲೆ ಆಡಿಸಿದಳು. "ಬ್ಯಾಡ ತಾಯಿ, ಯಾರದೋ ಕೇಳಿ ಇಸ್ಕಂಡ ಹಾಗಿರ್ತದೆ. ಕೊಂಚ ಮಾಸಲು ಕೊಡು. ಮುಂದಿನೆರಡರ ನಡುವೆ ಸಂದು ಬಿಡು, ನನಗೆ ಇತ್ತು." ವೈದ್ಯೆ ನಕ್ಕು, ಹಾಗೇ ಮಾಡಿಸಿದರು.

ಮೊದಮೊದಲು ವಸಡು ಹುಣ್ಣಾಯಿತು. "ತೆಗೆದಿಟ್ಟುಬಿಡು" ಎಂದರು ಮನೆಯವರು. ಅವಳು ವೈದ್ಯೆಯ ಹತ್ತಿರ ಹೋಗಿ ಒತ್ತುವ ಕಡೆ ಉಜ್ಜಿಸಿಕೊಂಡು ಬಂದಳು. ದಿನಾ ನೀರು ತುಂಬಿದ ಬೇಸಿನ್ನಿನ ಮೇಲೆಯೇ, ಕೈಜಾರಿದರೂ ಒಡೆಯದ ಹಾಗೆ, ಮೆತ್ತನೆ ಬ್ರಷ್ಷಿನಲ್ಲಿ ತೊಳೆಯುವಳು. ಬಿಸಿನೀರು ಸೋಕಿಸುತ್ತಿರಲಿಲ್ಲ. ಮಲಗುವಾಗ ತೆಗೆದು ತಣ್ಣೀರಿನ ಡಬ್ಬಿಗೆ ಹಾಕುವಳು. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು "ಸಾಸಿವೆ, ಸೀಗೆ, ಸೊಸೈಟಿ" ಎಂದು ನಾಲಿಗೆ ಪಳಗಿಸುವಾಗ ಯಾರು ನೋಡಿ ನಕ್ಕರೂ ನಿಲ್ಲಿಸಲಿಲ್ಲ.

ಮುಂದಿನ ಸಭೆಯಲ್ಲಿ ನೇರ ಯಜಮಾನನ ಎದುರಿಗೇ ಹೋಗಿ ನಿಂತಳು. "ಹಲ್ಲು ಬಂತು. ಬೇಲಿ ಎಲ್ಲಿಗೆ ಬಂತು?" ಈ ಸಲ ಒಂದಕ್ಷರವೂ ಜಾರಲಿಲ್ಲ. ಅವನು ನೆಲ ನೋಡಿದ. ಅತ್ತೆ ಹೆಂಗಸರತ್ತ ತಿರುಗಿ, "ನಾಳೆ ಬೆಳಗ್ಗೆ ಎಲ್ಲಾರೂ ಆ ದಾರೀಲೇ ನಡೀರಿ" ಎಂದಳು. ನಡೆದರು. ಮುಂದೆ ನಡೆದವಳು ಅವಳೇ, ಮೊದಲ ಗೂಟ ಕಿತ್ತವಳೂ ಅವಳೇ. ಮತ್ತೆ ಅಲ್ಲಿ ಬೇಲಿ ಏಳಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮೈ ತೊಳೆಯುವಾಗ ದೊಡ್ಡಪ್ಪನ ವರಸೆಯ ಹಿರಿಯರೊಬ್ಬರು, "ಆ ಕಟ್ಟಿದ ಹಲ್ಲು ಯಾಕೆ ಇನ್ನು, ಆಚೆ ಇಡಿ" ಎಂದರು. ಹಿರಿಯರೆದುರು ನಾನು ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ.

"ಇಲ್ಲ ಪೆರಿಯಪ್ಪಾ," ಎಂದೆ. "ಅದು ಅತ್ತೆಯ ಹಲ್ಲು. ಅತ್ತೆ ಜೊತೆಗೇ ಹೋಗ್ತದೆ."

ನಾನೇ ಕೈಯಾರೆ ಅದನ್ನು ಅತ್ತೆಯ ಬಾಯಿಗೆ ಹಾಕಿದೆ.