ಬೇರು ಕಿತ್ತು ನೋಡುವ ಪುಂಡರೀಕಾಕ್ಷ

ಡೊಂಬಿವಿಲಿ ಪೂರ್ವದಲ್ಲಿ ಗಿಡದ ಕೈಗಾಡಿ ತಳ್ಳುತ್ತ ನನಗೆ ಹದಿನೆಂಟು ವರ್ಷವಾಯಿತು. ಗಿಡ ಕೊಲ್ಲುವವರನ್ನು ಬಹಳ ಮಂದಿ ನೋಡಿದ್ದೇನೆ. ನೀರು ಹಾಕದೆ ಕೊಲ್ಲುವವರು, ಹೆಚ್ಚು ಹಾಕಿ ಕೊಲ್ಲುವವರು, ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಕೊಲ್ಲುವವರು. ಇವರ ಮೇಲೆ ನನಗೆ ಸಿಟ್ಟಿಲ್ಲ. ಮತ್ತೆ ನನ್ನ ಗಾಡಿಗೇ ಬರುತ್ತಾರೆ. ಆದರೆ ಪುಂಡರೀಕಾಕ್ಷನಂಥವನನ್ನು ಕಂಡರೆ ಮೈ ಉರಿಯುತ್ತದೆ. ಅವನು ಗಿಡವನ್ನು ತಿಳುವಳಿಕೆಯಿಂದ ಕೊಲ್ಲುತ್ತಾನೆ.

ಉಡುಪಿ ಕಡೆಯ ಮನುಷ್ಯ. ಹದಿನೇಳನೇ ವಯಸ್ಸಿಗೆ ಸೋದರಮಾವನ ಹೊಟೇಲಿಗೆ ಬಂದು, ಹಗಲು ಲೋಟ ತೊಳೆದು, ನೈಟ್ ಸ್ಕೂಲಿನಲ್ಲಿ ಓದಿ, ಮುಂಬಯಿಯ ಒಂದು ಕಂಪನಿಯಲ್ಲಿ ಗುಮಾಸ್ತನಾದ. ಅಲ್ಲಿಯವರೆಗೆ ನಾನೂ ಅವನಿಗೆ ಕೈಮುಗಿಯುತ್ತೇನೆ. ನಾನು ನಾಲ್ಕನೇ ಇಯತ್ತೆಗೇ ಪಾಟಿ ಬಿಸಾಕಿದವನು. ಆಮೇಲಿನ ಕತೆ ಮಾತ್ರ ಕೈಮುಗಿಯುವಂಥದ್ದಲ್ಲ. ಬೆಳಿಗ್ಗೆ ಏಳೂ ಹನ್ನೆರಡರ ಲೋಕಲ್, ಕಲ್ಯಾಣದಲ್ಲೇ ತುಂಬಿಕೊಂಡು ಬಂದ ಡಬ್ಬಿ, ಇನ್ನೊಬ್ಬನ ಕಂಕುಳಿಗೆ ಮುಖ ಕೊಟ್ಟು ಒಂದೂಕಾಲು ತಾಸು ನಿಲ್ಲುವುದು, ಆಫೀಸಿನಲ್ಲಿ ದಿನವಿಡೀ ‘ಹೌದು ಸರ್’ ಅನ್ನುವುದು. ಆರು ದಿನ ಅವನ ಮಾತು ಕೇಳುವವರು ಯಾರೂ ಇಲ್ಲ. ಏಳನೇ ದಿನ ಕೇಳುವವು ನಾಲ್ಕನೇ ಮಾಳಿಗೆಯ ಗ್ಯಾಲರಿಯಲ್ಲಿದ್ದ ಕುಂಡಗಳು. ಅವಕ್ಕೆ ಎದ್ದು ಹೋಗಲು ಕಾಲಿಲ್ಲ.

ಸೋಮವಾರದಿಂದ ಶನಿವಾರದವರೆಗೆ ಅವನು ಗಿಡದ ಕಡೆ ತಿರುಗಿಯೂ ನೋಡುವವನಲ್ಲ. ಭಾನುವಾರ ಇಡ್ಲಿ ತಿಂದು, ಬನಿಯನ್ ಹಾಕಿ, ಹಳೆಯ ಸೌಟು ಹಿಡಿದು ಕೂರುತ್ತಿದ್ದ. ಮಣ್ಣು ಬಗೆದು, ಗಿಡವನ್ನು ಬುಡಸಮೇತ ಎತ್ತಿ, ಬೇರು ಹಿಡಿದಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹಿಡಿಯುತ್ತಿದ್ದ ಬೇರು ಅಲ್ಲೇ ಹರಿಯುತ್ತಿತ್ತು. ಮತ್ತೆ ನೆಟ್ಟು, ಒಂದು ಮುಷ್ಟಿ ಯೂರಿಯಾ ಸುರಿದು, ವಾರದ ಪ್ರೀತಿಯನ್ನೆಲ್ಲ ಒಂದು ಬಕೆಟು ನೀರಿನಲ್ಲಿ ಮುಗಿಸಿ ಮಲಗುತ್ತಿದ್ದ. ಗುಲಾಬಿ ಸತ್ತಿತು, ದಾಸವಾಳ ಸತ್ತಿತು, ಬರೀ ನೀರಿನಲ್ಲಿ ಬದುಕುವ ಮನಿಪ್ಲಾಂಟೂ ಸತ್ತಿತು. ಒಂದು ಸಲ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ.

“ರಾಯರ, ಹಲ್ಲು ಗಟ್ಟಿ ಅದಾವಿಲ್ಲ ಅಂತ ವಾರಕ್ಕೊಮ್ಮೆ ಕಿತ್ತಿ ನೋಡ್ತೀರೇನ್ರಿ ನೀವು?”

ಕೈಗಾಡಿಯವನಿಗೆ ವಿಜ್ಞಾನ ಗೊತ್ತಿರುವುದಿಲ್ಲ ಎಂದ.

ಅವನ ಹೆಂಡತಿ ಮುಕ್ತಕ್ಕ. ತೊಂಬತ್ಮೂರರಲ್ಲಿ ಅವರ ತಾಯಿ ತೀರಿಕೊಂಡರು. ಆ ತಾಯಿ ಬಾವಿಕಟ್ಟೆಯ ಬದಿಯಲ್ಲಿ ಶಂಕರಪುರ ಮಲ್ಲಿಗೆ ಬೆಳೆಸಿ, ಹೂ ಕಟ್ಟಿ ಮಾರಿ ಮಕ್ಕಳನ್ನು ಓದಿಸಿದವರು. ಉತ್ತರಕ್ರಿಯೆಯ ಬೊಜ್ಜ ಮುಗಿದ ತಿಂಗಳಿಗೇ ಅಣ್ಣ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಲು ಹೊರಟ. ಮುಕ್ತಕ್ಕ ಕೊನೆಯ ಒಂದು ಗಿಡ ಎಬ್ಬಿಸಿಕೊಂಡು, ಕೊಂಕಣ ರೈಲು ಇನ್ನೂ ಆಗಿರಲಿಲ್ಲವಲ್ಲ, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ತೊಡೆಯ ಮೇಲಿಟ್ಟುಕೊಂಡು ಬಂದರು. ತಾಯಿಯದೆಂದು ಉಳಿದದ್ದು ಅದೊಂದೇ.

ಬಂದಿಳಿದದ್ದು ಶನಿವಾರ. ಮಧ್ಯಾಹ್ನವೇ ನನ್ನ ಗಾಡಿಯ ಹತ್ತಿರ ಬಂದರು. ಅದೇ ಎತ್ತರದ, ಅಂಥದೇ ಎಲೆಯ ಮಲ್ಲಿಗೆ ಒಂದು ಬೇಕು ಅಂದರು. ಯಾಕೆ ಎಂದು ಕೇಳಿದೆ. ನಾಳೆ ಭಾನುವಾರ ಅಂದರು. ನನಗೆ ಅಷ್ಟು ಸಾಕಾಯಿತು. ಆರಿಸಿ ಕೊಟ್ಟೆ. ತಾಯಿಯ ಗಿಡ ಕಟ್ಟಡದ ಮೇಲಿನ ಗಚ್ಚಿಗೆ ಹೋಗಿ ನೀರಿನ ಟಾಕಿಯ ಹಿಂದೆ ಕುಳಿತಿತು. ನನ್ನ ಗಿಡ ಗ್ಯಾಲರಿಗೆ ಹೋಯಿತು, ಕುರಿಯ ಹಾಗೆ.

ಗಚ್ಚಿ ಎಂದರೆ ಹಪ್ಪಳ ಒಣಗಿಸುವ ಹೆಂಗಸರ ಜಾಗವೆಂದು ಅವನು ಹತ್ತುತ್ತಿರಲಿಲ್ಲ. ಕೆಳಗೆ ಐದು ಭಾನುವಾರಕ್ಕೆ ನನ್ನ ಮಲ್ಲಿಗೆ ಒಣಗಿತು. ನಿನ್ನ ಅಮ್ಮನ ಗಿಡದಲ್ಲಿ ತ್ರಾಣವೇ ಇರಲಿಲ್ಲ ಎಂದು ಹೆಂಡತಿಗೇ ಹೇಳಿದನಂತೆ. ಇನ್ನೊಂದು ತರಲು ಅವನೇ ಕಳಿಸಿದ. ಹೀಗೆ ಎರಡು ವರ್ಷದಲ್ಲಿ ನನ್ನ ಏಳು ಗಿಡ ಆ ಗ್ಯಾಲರಿಯಲ್ಲಿ ಪ್ರಾಣ ಬಿಟ್ಟವು.

ತೊಂಬತ್ತೈದರ ಒಂದು ಭಾನುವಾರ ಮ್ಯಾಚಿನ ನಡುವೆ ಕೇಬಲ್ ಹೋಯಿತು. ತಂತಿ ಅಲ್ಲಾಡಿಸಲು ಅವನು ಗಚ್ಚಿ ಹತ್ತಿದ. ಟಾಕಿಯ ಹಿಂದೆ ಸೊಂಟದೆತ್ತರದ ಮಲ್ಲಿಗೆ ಕಂಡಿತು. ಯಾರೋ ಬಾಡಿಗೆಯವರು ಬಿಟ್ಟು ಹೋದದ್ದೆಂದು ತಾನೇ ತೀರ್ಮಾನಿಸಿ, ಕುಂಡ ಹೊತ್ತು ಕೆಳಗಿಳಿಸಿ, ಮೂರನೇ ಮಾಳಿಗೆಯ ಗುಣಪಾಲನನ್ನು ಕರೆದು ತೋರಿಸಿದ. ಬರುವ ಭಾನುವಾರ ಕೆಂಪು ಮಣ್ಣು, ದೊಡ್ಡ ಕುಂಡ ತಾ ಎಂದು ನನಗೆ ಹೇಳಿ ಕಳಿಸಿದ. ಆ ವಾರವಿಡೀ ಮುಕ್ತಕ್ಕ ನನ್ನ ಗಾಡಿಯ ಕಡೆ ಬರಲಿಲ್ಲ.

ಭಾನುವಾರ ಮಣ್ಣಿನ ಗೋಣಿ ಹೊತ್ತು ನಾಲ್ಕು ಮಾಳಿಗೆ ಹತ್ತಿದೆ. ಮುಕ್ತಕ್ಕ ಮೊರದ ತುಂಬ ಅಲಸಂಡೆ ಹಾಕಿಕೊಂಡು, ಕುಂಡಕ್ಕೆ ಬೆನ್ನು ಕೊಟ್ಟು ಗ್ಯಾಲರಿಯ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಇವನು ಸೌಟು ಹಿಡಿದು ನಿಂತಿದ್ದ.

“ಸ್ವಲ್ಪ ಆಚೆ ಕೂತ್ಕೊ. ಬೇರು ನೋಡ್ಬೇಕು,” ಎಂದ.

“ನೋಡುದು ಬೇಡ.”

“ಯಾರೋ ಬಿಟ್ಟು ಹೋದ ಗಿಡ ಮಾರಾಯ್ತಿ, ನಾನು ಉದ್ಧಾರ ಮಾಡ್ತಿದ್ದೇನೆ.”

“ಇದು ನನ್ನ ಅಮ್ಮನ ಗಿಡ,” ಎಂದರು ಮುಕ್ತಕ್ಕ, ಅಲಸಂಡೆ ಮುರಿಯುವುದನ್ನು ನಿಲ್ಲಿಸದೆ. “ಎರಡು ವರ್ಷದಿಂದ ನೀವು ಕಿತ್ತು ಕಿತ್ತು ಸಾಯಿಸಿದ್ದೆಲ್ಲ ಇವರ ಗಾಡಿಯದ್ದು. ಇದಕ್ಕೆ ಕೈ ಹಾಕಿದ್ರೆ ಗಿಡ ತಕೊಂಡು ನಾನೂ ಗಚ್ಚಿಯಲ್ಲೇ ಇರ್ತೇನೆ. ಅನ್ನ ನೀವೇ ಬೇಯಿಸ್ಕೊಳ್ಳಿ.”

ಅವನು ನನ್ನ ಕಡೆ ತಿರುಗಿದ. ನೀನೂ ಇದರಲ್ಲಿ ಸೇರಿದ್ದೀಯಾ ಎಂದು ಕೇಳಿದ.

“ಸೇರೀನ್ರಿ,” ಅಂದೆ. “ಏಳು ಗಿಡ ನಿಮ್ಮ ಕೈಯಾಗ ಕೊಟ್ಟು ಪಾಪ ಕಟ್ಕೊಂಡೀನಿ.”

ಬೈಯುತ್ತಾನೆಂದು ಕಾದೆ, ಬೈದರೆ ನಾನೂ ತಿರುಗಿ ಬೈಯಲು ತಯಾರಿದ್ದೆ. ಅಷ್ಟು ಗಂಡಸುತನವೂ ಅವನಲ್ಲಿರಲಿಲ್ಲ. ಸೌಟು ಹಿಡಿದು ಅಡುಗೆಮನೆಗೆ ಹೋದ, ಬಂದ, ಮತ್ತೆ ಹೋದ. ಮುಕ್ತಕ್ಕ ಏಳಲಿಲ್ಲ. ಅಲಸಂಡೆ ಮುಗಿದ ಮೇಲೆ ಅಕ್ಕಿ ಆರಿಸತೊಡಗಿದರು. ಕೊನೆಗೆ ಅವನು ಸ್ಟೂಲು ಎಳೆದು, ಗೋಡೆಯ ಗಡಿಯಾರ ಇಳಿಸಿ, ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆಯೆಂದು ಹೇಳಿ, ನೆಲಕ್ಕೆ ಕೂತು ಅದರ ತಿರುಪು ಬಿಚ್ಚತೊಡಗಿದ.

ಎರಡು ವಾರ ಬಿಟ್ಟು ನಾನು ಖಾಲಿ ಗೋಣಿ ತರಲು ಹೋದೆ. ಮಲ್ಲಿಗೆಯಲ್ಲಿ ಹನ್ನೊಂದು ಮೊಗ್ಗಿದ್ದವು. ಗಡಿಯಾರದ ಮುಳ್ಳುಗಳು ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ಬಟ್ಟಲಲ್ಲಿದ್ದವು.